ಶೇನ್ ಬ್ಲಾಕ್ ಬರೆದದ್ದು, ಪರದೆಗೆ ಬಾರದ್ದು

ಹೊಡೆದಾಟದ ಸಿನಿಮಾಕ್ಕೂ ಬರಹಗಾರ ಬೇಕೇ ಎಂದು ಕೇಳುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ನಾನು ಟಿವಿ ಧಾರಾವಾಹಿಗಳಿಗೆ ಸಂಭಾಷಣೆ ಬರೆದು ಹೊಟ್ಟೆ ಹೊರೆಯುವವಳು. ಆಗೊಮ್ಮೆ ಈಗೊಮ್ಮೆ ಸಿನಿಮಾ ಚಿತ್ರಕಥೆಗಳನ್ನು ತಿದ್ದಿಕೊಡುವುದೂ ಉಂಟು. ನನ್ನ ಕೈಗೆ ಬಂದ ಚಿತ್ರಕಥೆಗಳಲ್ಲಿ ಹೊಡೆದಾಟ ಶುರುವಾಗುವ ಜಾಗಕ್ಕೆ ಬರಹಗಾರ ಪೆನ್ನು ಮುಚ್ಚಿಬಿಟ್ಟಿರುತ್ತಾನೆ. ‘ಇಲ್ಲಿ ಫೈಟ್’ ಎಂದು ಒಂದು ಸಾಲು. ಯಾರು ಯಾರನ್ನು ಏಕೆ ಹೊಡೆದರು, ಹೊಡೆದ ಮೇಲೆ ಯಾರ ಮನಸ್ಸಿನಲ್ಲಿ ಏನಾಯಿತು ಎಂಬುದೆಲ್ಲ ಸಾಹಸ ನಿರ್ದೇಶಕರ ಪಾಲಿಗೆ. ಅವರು ಹಗ್ಗ, ಗಾಜು, ಧೂಳು ತಂದು ತಮ್ಮ ಕೆಲಸವನ್ನು ಚೆನ್ನಾಗಿಯೇ ಮಾಡುತ್ತಾರೆ. ಆದರೆ ಆ ಹತ್ತು ನಿಮಿಷ ಕಥೆ ನಿಂತಲ್ಲೇ ನಿಂತಿರುತ್ತದೆ.

ಹಾಗಾಗಿ ಹಾಲಿವುಡ್‌ನ ಪೊಲೀಸ್ ಚಿತ್ರ ‘ಲೀಥಲ್ ವೆಪನ್’ನ ಚಿತ್ರಕಥೆಯ ಪ್ರತಿ ಓದಲು ಸಿಕ್ಕಾಗ ಮೊದಲು ಹುಡುಕಿದ್ದು ಅದರ ಹೊಡೆದಾಟದ ಪುಟಗಳನ್ನು. ಶೇನ್ ಬ್ಲಾಕ್ ಅದನ್ನು ಬರೆದಾಗ ಅವನಿಗೆ ಇಪ್ಪತ್ತಮೂರರ ಆಸುಪಾಸು. ಓದುತ್ತಾ ಹೋದಂತೆ ಒಂದು ವಿಚಿತ್ರ ಕಾಣಿಸಿತು. ಈ ಹುಡುಗ ಪಾತ್ರಗಳ ಮೂಲಕ ಮಾತ್ರ ಮಾತಾಡುತ್ತಿಲ್ಲ. ದೃಶ್ಯ ವಿವರಣೆಯ ಸಾಲುಗಳಲ್ಲಿ ನೇರವಾಗಿ ಓದುವವರ ಜೊತೆಯೇ ಹರಟೆ ಹೊಡೆಯುತ್ತಿದ್ದಾನೆ. ಬೆವರ್ಲಿ ಹಿಲ್ಸ್‌ನ ಶ್ರೀಮಂತನ ಮನೆ ಬರುತ್ತದೆ. ಈ ಸಿನಿಮಾ ಗೆದ್ದರೆ ನಾನು ಕೊಳ್ಳುವಂಥ ಮನೆ ಇದು ಎನ್ನುತ್ತಾನೆ. ಈ ಸಾಲನ್ನು ಕ್ಯಾಮೆರಾ ಹಿಡಿಯಲಾರದು, ನಟ ನುಡಿಯಲಾರ. ಚಿತ್ರಮಂದಿರದಲ್ಲಿ ಕುಳಿತ ಯಾರಿಗೂ ಅದು ತಲುಪುವುದಿಲ್ಲ. ಚಿತ್ರಕಥೆ ಬರೆಯಲು ಕಲಿಸುವ ಯಾವ ಮೇಷ್ಟರಾದರೂ ಕೆಂಪು ಶಾಯಿಯಲ್ಲಿ ಹೊಡೆದು ಹಾಕುವಂಥದ್ದು.

ಆದರೆ ಚಿತ್ರಕಥೆಯ ಮೊದಲ ಪ್ರೇಕ್ಷಕ ಚಿತ್ರಮಂದಿರದಲ್ಲಿ ಇರುವುದಿಲ್ಲ ಎಂಬುದು ಬ್ಲಾಕ್‌ಗೆ ಗೊತ್ತಿತ್ತು. ಹಾಲಿವುಡ್ ಸ್ಟುಡಿಯೋಗಳಲ್ಲಿ ಬಂದ ಚಿತ್ರಕಥೆಗಳನ್ನು ಓದಿ, ಸಾರಾಂಶ ಬರೆದು, ಕೊಳ್ಳಬಹುದೇ ಬೇಡವೇ ಎಂದು ಹೇಳುವುದಕ್ಕೇ ಸಂಬಳದ ಓದುಗರಿರುತ್ತಾರೆ. ಒಂದೊಂದೂ ನೂರು, ನೂರಿಪ್ಪತ್ತು ಪುಟ. ಎಲ್ಲವೂ ಕೊರಿಯರ್ ಎಂಬ ಒಂದೇ ಟೈಪ್‌ರೈಟರ್ ಮಾದರಿಯ ಅಕ್ಷರದಲ್ಲಿ, ಒಂದೇ ಅಂಚಿನಲ್ಲಿ, ಪುಟಕ್ಕೆ ಪರದೆಯ ಮೇಲೆ ಒಂದು ನಿಮಿಷದ ಲೆಕ್ಕದಲ್ಲಿ. ಅಂಥ ಕಟ್ಟುಗಳನ್ನು ವಾರಾಂತ್ಯಕ್ಕೆ ಮನೆಗೆ ಹೊತ್ತೊಯ್ಯುವ ಸುಸ್ತಾದ ಮನುಷ್ಯನೊಬ್ಬನನ್ನು ನಗಿಸಿದರೆ ಅರ್ಧ ಕೆಲಸ ಆದಂತೆ. ಬ್ಲಾಕ್ ಈ ವಿದ್ಯೆಯನ್ನು ಶೂನ್ಯದಿಂದ ಕಲಿತವನಲ್ಲ. ವಾಲ್ಟರ್ ಹಿಲ್ ಬರೆಯುತ್ತಿದ್ದ ಚಿತ್ರಕಥೆಗಳಲ್ಲಿ ಸಾಲಿಗೆ ಎರಡೋ ಮೂರೋ ಪದ, ಬಿಳಿಜಾಗವೇ ಹೆಚ್ಚು. ವಿಲಿಯಂ ಗೋಲ್ಡ್‌ಮನ್ ಅದಕ್ಕೆ ವಿರುದ್ಧ. ಜಗಲಿಯ ಮೇಲೆ ಕುಳಿತು ಕಥೆ ಹೇಳುವ ಹಿರಿಯನ ಧಾಟಿ. ಇಬ್ಬರನ್ನೂ ಓದಿ, ಇಬ್ಬರಿಂದಲೂ ತೆಗೆದುಕೊಂಡೆ ಎಂದು ಬ್ಲಾಕ್ ತಾನೇ ಹೇಳಿಕೊಂಡಿದ್ದಾನೆ. ಹಿಲ್‌ನ ಬಿಗಿ, ಗೋಲ್ಡ್‌ಮನ್‌ನ ಸಲುಗೆ, ಜೊತೆಗೆ ತನ್ನದೇ ಆದ ಒಂದಿಷ್ಟು ಉದ್ಧಟತನ.

ಅವನು ಹುಟ್ಟಿದ್ದು 1961ರಲ್ಲಿ, ಪಿಟ್ಸ್‌ಬರ್ಗ್‌ನಲ್ಲಿ. ಅಪ್ಪ ಮುದ್ರಣದ ಉದ್ಯಮದಲ್ಲಿದ್ದವರು. ಮಿಕಿ ಸ್ಪಿಲೇನ್‌ನಂಥವರ ಅಗ್ಗದ ಪತ್ತೇದಾರಿ ಕಾದಂಬರಿಗಳ ರುಚಿ ಮಗನಿಗೆ ಹತ್ತಿದ್ದು ಅವರಿಂದಲೇ. ಮುಂದೆ ಸಂಸಾರ ಕ್ಯಾಲಿಫೋರ್ನಿಯಾದ ಫುಲರ್ಟನ್‌ಗೆ ಬಂತು. ಬ್ಲಾಕ್ ಲಾಸ್ ಏಂಜಲಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಸಿನಿಮಾ ಮತ್ತು ರಂಗಭೂಮಿ ಓದಿ 1983ರಲ್ಲಿ ಹೊರಬಿದ್ದ. ಆಮೇಲೆ ಮಾಡಿದ ಕೆಲಸಗಳ ಪಟ್ಟಿ ನನಗೆ ಬಲು ಇಷ್ಟ: ತಾತ್ಕಾಲಿಕ ನೌಕರರನ್ನು ಒದಗಿಸುವ ಏಜೆನ್ಸಿಯ ಮೂಲಕ ಬೆರಳಚ್ಚುಗಾರ, 1984ರ ಒಲಿಂಪಿಕ್ಸ್‌ನಲ್ಲಿ ಮಾಹಿತಿ ತುಂಬುವ ಗುಮಾಸ್ತ, ವೆಸ್ಟ್‌ವುಡ್‌ನ ಚಿತ್ರಮಂದಿರದಲ್ಲಿ ಟಿಕೆಟ್ ನೋಡಿ ಕುರ್ಚಿ ತೋರಿಸುವವನು. ಗೆಳೆಯರ ಗುಂಪು ಮಾತ್ರ ಜೋರಾಗಿತ್ತು. ಫ್ರೆಡ್ ಡೆಕ್ಕರ್, ಎಡ್ ಸಾಲಮನ್ ಮೊದಲಾದ ಸಿನಿಮಾ ಹುಚ್ಚರು ಒಂದೇ ಮನೆಯ ಸುತ್ತ ಸೇರಿಕೊಂಡು, ಒಬ್ಬರ ಬರಹವನ್ನು ಇನ್ನೊಬ್ಬರು ಓದುತ್ತಿದ್ದರು. ವಿಯೆಟ್ನಾಂ ಯುದ್ಧದ ಹಿನ್ನೆಲೆಯ ಒಂದು ದೆವ್ವದ ಕಥೆಯನ್ನು ಬ್ಲಾಕ್ ಬರೆದ. ಅದು ಸಿನಿಮಾ ಆಗಲಿಲ್ಲ, ಆದರೆ ಡೆಕ್ಕರ್ ನೆರವಿನಿಂದ ಅವನಿಗೊಬ್ಬ ಏಜೆಂಟ್ ಸಿಕ್ಕಿದ. ಮುಂದಿನದನ್ನು ಬರೆಯುವಷ್ಟು ಕಾಲ ಖರ್ಚಿಗೆ ಅಪ್ಪ ಅಮ್ಮನ ಬಳಿ ಕೈಚಾಚಿದ. ಆ ಮುಂದಿನದೇ ‘ಲೀಥಲ್ ವೆಪನ್’. ವಾರ್ನರ್ ಬ್ರದರ್ಸ್ ಎರಡೂವರೆ ಲಕ್ಷ ಡಾಲರ್ ಕೊಟ್ಟು ಕೊಂಡಿತು.

ಆ ಕಥೆಯ ಹೊಡೆದಾಟಗಳಿಗೆ ಬಲ ಬಂದಿರುವುದು ಹೊಡೆದಾಟವಿಲ್ಲದ ಎರಡು ದೃಶ್ಯಗಳಿಂದ. ಮರ್ಟಾಗ್ ಎಂಬ ಪೊಲೀಸ್ ಅಧಿಕಾರಿ ಸ್ನಾನದ ತೊಟ್ಟಿಯಲ್ಲಿ ಕುಳಿತಿದ್ದಾನೆ. ಹೆಂಡತಿ ಮಕ್ಕಳು ಕೇಕ್ ಹಿಡಿದು ಒಳನುಗ್ಗುತ್ತಾರೆ, ಅವನಿಗೆ ಐವತ್ತು ತುಂಬಿದೆ. ಇನ್ನೊಬ್ಬ ರಿಗ್ಸ್, ವಿಯೆಟ್ನಾಂನಲ್ಲಿ ಹೋರಾಡಿ ಬಂದವನು. ಕಡಲ ಪಕ್ಕದ ಟ್ರೇಲರ್‌ನಲ್ಲಿ ಒಬ್ಬನೇ ಕುಳಿತು, ಟಿವಿಯಲ್ಲಿ ಕ್ರಿಸ್‌ಮಸ್ ಕಾರ್ಟೂನ್ ಓಡುತ್ತಿರುವಾಗ, ಸತ್ತ ಹೆಂಡತಿಯ ಫೋಟೋ ಎದುರಿಟ್ಟುಕೊಂಡು ಬಾಯಿಗೆ ಪಿಸ್ತೂಲು ಇಟ್ಟುಕೊಳ್ಳುತ್ತಾನೆ. ಒತ್ತಲಾರದೆ ಅಳುತ್ತಾನೆ. ಇವೆರಡನ್ನು ನೋಡಿದ ಮೇಲೆ ರಿಗ್ಸ್ ಗುಂಡಿಗೆ ಎದೆಗೊಟ್ಟು ಓಡಿದರೆ ನಾವು ‘ಎಂಥ ಶೂರ’ ಎಂದುಕೊಳ್ಳುವುದಿಲ್ಲ. ಇವನಿಗೆ ಬದುಕು ಬೇಡವಾಗಿದೆಯಲ್ಲ ಎಂದು ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಸಾಹಸ ನಿರ್ದೇಶಕ ಎಷ್ಟೇ ಗಾಜು ಒಡೆದರೂ ಈ ಸಂಕಟವನ್ನು ತರಲಾರ. ಅದು ಬರಹಗಾರನ ಕೆಲಸ. ‘ಇಲ್ಲಿ ಫೈಟ್’ ಎಂದು ಬರೆದು ಮೇಲೇಳುವವರಿಗೆ ನಾನು ಹೇಳುವುದು ಇಷ್ಟನ್ನೇ.

ಮೊದಲ ಕರಡಿನಲ್ಲಿ ಮಾದಕದ್ರವ್ಯ ತುಂಬಿದ ಲಾರಿ ಸಿಡಿದು ಹಾಲಿವುಡ್‌ನ ಮೇಲೆ ಬಿಳಿ ಪುಡಿ ಹಿಮದಂತೆ ಸುರಿಯುವ ಕೊನೆಯಿತ್ತಂತೆ. ಅದು ಉಳಿಯಲಿಲ್ಲ. ನಿರ್ದೇಶಕ ರಿಚರ್ಡ್ ಡಾನರ್ ಕತ್ತಲೆಯನ್ನು ಒಂದಿಷ್ಟು ತಿಳಿಮಾಡಿ, ಜೆಫ್ರಿ ಬೋಮ್ ಎಂಬ ಮತ್ತೊಬ್ಬ ಬರಹಗಾರನಿಂದ ನಗೆ ಸೇರಿಸಿಸಿದ. 1987ರ ಮಾರ್ಚ್‌ನಲ್ಲಿ ಬಂದ ಚಿತ್ರಕ್ಕೆ ಖರ್ಚಾಗಿದ್ದು ಸುಮಾರು ಒಂದೂವರೆ ಕೋಟಿ ಡಾಲರ್, ಗಳಿಸಿದ್ದು ಹನ್ನೆರಡು ಕೋಟಿ. ಪರದೆಯ ಮೇಲೆ ಬರಹಗಾರನ ಹೆಸರು ಶೇನ್ ಬ್ಲಾಕ್‌ನದೊಂದೇ. ಅಲ್ಲಿ ಯಾರ ಹೆಸರು ಹಾಕಬೇಕೆಂದು ನಿರ್ಮಾಪಕ ತೀರ್ಮಾನಿಸುವುದಿಲ್ಲ. ತಕರಾರು ಬಂದರೆ ಬರಹಗಾರರ ಸಂಘವಾದ ರೈಟರ್ಸ್ ಗಿಲ್ಡ್ ಎಲ್ಲ ಕರಡುಗಳನ್ನೂ ತರಿಸಿಕೊಂಡು, ಬರಹಗಾರರಿಂದಲೇ ಓದಿಸಿ ತೀರ್ಪು ಕೊಡುತ್ತದೆ. ಸಿನಿಮಾ ಮುಂದೆ ಟಿವಿಯಲ್ಲಿ ಬಂದರೂ, ಡಿಸ್ಕ್ ಆಗಿ ಮಾರಾಟವಾದರೂ ಹೆಸರಿದ್ದವರಿಗೆ ಪಾಲು ಬರುತ್ತದೆ. ಸಂಚಿಕೆಗಿಷ್ಟು ಎಂದು ದುಡ್ಡು ಎಣಿಸಿಕೊಂಡು, ಮರುಪ್ರಸಾರವಾದರೆ ನೆಂಟರ ಮನೆಯ ಟಿವಿಯಲ್ಲಿ ನೋಡಿ ಸಂತೋಷಪಡುವ ನನ್ನಂಥವಳಿಗೆ ಇದು ಪುರಾಣದ ಕಥೆಯಂತೆ ಕೇಳಿಸುತ್ತದೆ. ಹೋಗಲಿ ಬಿಡಿ, ಆ ದೂರು ಇಲ್ಲಿ ಬೇಡ.

ಅದೇ ವರ್ಷ ‘ಪ್ರಿಡೇಟರ್’ ಬಂತು. ಅದರಲ್ಲಿ ಬ್ಲಾಕ್ ನಟ. ದೊಡ್ಡ ಕನ್ನಡಕ ಹಾಕಿಕೊಂಡು, ಪೋಲಿ ಜೋಕು ಹೇಳಿ ತಾನೇ ನಗುವ ಹಾಕಿನ್ಸ್. ನಿರ್ಮಾಪಕ ಜೋಯಲ್ ಸಿಲ್ವರ್‌ಗೆ ಮೆಕ್ಸಿಕೋದ ಕಾಡಿನಲ್ಲಿ ಬೇಕಾದಾಗ ದೃಶ್ಯ ತಿದ್ದಿಸಿಕೊಳ್ಳಲು ಒಬ್ಬ ಬರಹಗಾರ ಹತ್ತಿರದಲ್ಲಿರಲಿ ಎಂಬ ಲೆಕ್ಕಾಚಾರವೂ ಇತ್ತು. ಕಥೆಯಲ್ಲಿ ನಾಯಕ ಶ್ವಾರ್ಜ್‌ನೆಗರ್‌ನ ಸೈನಿಕ ತಂಡದಲ್ಲಿ ಮೊದಲು ಸಾಯುವವನು ಈ ಬರಹಗಾರನೇ. ನನಗಂತೂ ಪ್ರತಿ ಸಲವೂ ನಗು ಬರುತ್ತದೆ.

ಈಗ ಬರುವುದು ಅವನ ವೃತ್ತಿಜೀವನದಲ್ಲಿ ನನ್ನನ್ನು ತುಂಬ ಕಾಡಿದ ಭಾಗ. ‘ಲೀಥಲ್ ವೆಪನ್’ ಎರಡನೆಯ ಭಾಗವನ್ನು ಅವನೇ ಬರೆಯಬೇಕಿತ್ತು. ‘ಡೆಸ್ಟ್ರಾಯರ್’ ಕಾದಂಬರಿ ಸರಣಿಯ ಸಹಲೇಖಕ ವಾರೆನ್ ಮರ್ಫಿಯ ಜೊತೆ ಸೇರಿ ಬರೆದ. ಕರಡಿನ ಹೆಸರು ‘ಪ್ಲೇ ಡರ್ಟಿ’. ಅದರ ಕೊನೆಯಲ್ಲಿ ರಿಗ್ಸ್ ಸಾಯುತ್ತಾನೆ. ಸಾಯಲೇಬೇಕು, ಮೊದಲ ಭಾಗದಿಂದ ಅವನು ಹೊರಟಿದ್ದೇ ಆ ಕಡೆಗೆ, ವ್ಯತ್ಯಾಸವೆಂದರೆ ಈಗ ಬದುಕಬೇಕೆನ್ನಿಸಿದ ಮೇಲೆ ಸಾಯುತ್ತಾನೆ. ಸ್ಟುಡಿಯೋಗೆ ಇದು ಹಿಡಿಸಲಿಲ್ಲ. ಹೆಚ್ಚು ಕಪ್ಪು, ಹೆಚ್ಚು ರಕ್ತ. ಅದಕ್ಕಿಂತ ಮುಖ್ಯವಾಗಿ, ನಾಯಕ ಸತ್ತರೆ ಮೂರನೆಯ ಭಾಗ ಎಲ್ಲಿಂದ ಬರಬೇಕು? ಬ್ಲಾಕ್ ಹೊರನಡೆದ. ಜೆಫ್ರಿ ಬೋಮ್ ಹೊಸದಾಗಿ ಬರೆದ, ರಿಗ್ಸ್ ಬದುಕಿದ, 1998ರ ಹೊತ್ತಿಗೆ ನಾಲ್ಕನೆಯ ಭಾಗವೂ ಬಂತು. ತಾನು ಬರೆದದ್ದರಲ್ಲಿ ಅತ್ಯುತ್ತಮವಾದದ್ದು ಆ ಕೈಬಿಟ್ಟ ಕರಡೇ ಎಂದು ಬ್ಲಾಕ್ ಬಹಳ ವರ್ಷ ಹೇಳಿಕೊಂಡು ಬಂದ. ಆ ಹೆಸರನ್ನೂ ಅವನು ಬಿಡಲಿಲ್ಲ. 2025ರಲ್ಲಿ ಡೊನಾಲ್ಡ್ ವೆಸ್ಟ್‌ಲೇಕ್‌ನ ಪಾರ್ಕರ್ ಎಂಬ ಕಳ್ಳನ ಕಥೆಗಳನ್ನು ಆಧರಿಸಿ ಅವನು ನಿರ್ದೇಶಿಸಿದ ಚಿತ್ರದ ಹೆಸರು ‘ಪ್ಲೇ ಡರ್ಟಿ’. ಕಥೆ ಬೇರೆ, ಹೆಸರು ಮಾತ್ರ ಅದೇ.

ಆ ಜಗಳದ ನಂತರ ಎರಡು ವರ್ಷದ ಹತ್ತಿರ ಅವನು ಏನನ್ನೂ ಬರೆಯಲಿಲ್ಲ. ಪ್ರೀತಿಯೊಂದು ಮುರಿದುಬಿದ್ದಿತ್ತು. ಅಷ್ಟರಲ್ಲಿ ಹಾಲಿವುಡ್‌ನ ಮಾರುಕಟ್ಟೆಗೆ ಹುಚ್ಚು ಹಿಡಿದಿತ್ತು. 1988ರಲ್ಲಿ ಬರಹಗಾರರು ಐದು ತಿಂಗಳು ಮುಷ್ಕರ ಹೂಡಿದ್ದರಿಂದ ಸ್ಟುಡಿಯೋಗಳ ಕಪಾಟು ಖಾಲಿ; ಯಾರೂ ಕೇಳದೆ ತಾವಾಗಿ ಬರೆದ ಚಿತ್ರಕಥೆಗಳಿಗೆ ಹರಾಜು ಶುರುವಾಯಿತು. 1990ರಲ್ಲಿ ಬ್ಲಾಕ್‌ನ ‘ದಿ ಲಾಸ್ಟ್ ಬಾಯ್ ಸ್ಕೌಟ್’ 17.5 ಲಕ್ಷ ಡಾಲರಿಗೆ ಮಾರಾಟವಾಯಿತು. ಅಂದಿನ ವಿನಿಮಯ ದರದಲ್ಲಿ ಸುಮಾರು ಮೂರು ಕೋಟಿ ರೂಪಾಯಿ. ಆ ದಾಖಲೆಯನ್ನು ಅದೇ ವರ್ಷ ಜೋ ಎಸ್ಟರ್‌ಹಾಸ್ ಎಂಬ ಇನ್ನೊಬ್ಬ ಬರಹಗಾರ 30 ಲಕ್ಷ ಡಾಲರ್ ಪಡೆದು ಮುರಿದ. 1994ರಲ್ಲಿ ಬ್ಲಾಕ್ ‘ದಿ ಲಾಂಗ್ ಕಿಸ್ ಗುಡ್‌ನೈಟ್’ಗೆ 40 ಲಕ್ಷ ಪಡೆದು ಮತ್ತೆ ಮೇಲೆ ಬಂದ. ಒಂದು ಚಿತ್ರಕಥೆಗೆ 40 ಲಕ್ಷ ಡಾಲರ್! ಕಾಗದದ ಬೆಲೆ ಪುಟಕ್ಕೆ ಮೂವತ್ತು ಸಾವಿರ ಡಾಲರ್‌ನಷ್ಟಾಯಿತು.

‘ಲಾಸ್ಟ್ ಬಾಯ್ ಸ್ಕೌಟ್’ ಓದಿದರೆ ಆ ಖಾಲಿ ವರ್ಷಗಳ ಕಹಿ ಎಲ್ಲ ಅದರಲ್ಲಿದೆ. ಶುರುವಿನಲ್ಲೇ ಸುರಿಯುವ ಮಳೆಯಲ್ಲಿ ಅಮೆರಿಕನ್ ಫುಟ್‌ಬಾಲ್ ಆಟಗಾರನೊಬ್ಬ ಮೈದಾನದಲ್ಲಿ ಚೆಂಡು ಹಿಡಿದು ಓಡುತ್ತಾ ಪಿಸ್ತೂಲು ತೆಗೆದು ಅಡ್ಡ ಬಂದವರಿಗೆ ಗುಂಡು ಹಾರಿಸಿ, ಕೊನೆಗೆ ತನಗೇ ಹೊಡೆದುಕೊಳ್ಳುತ್ತಾನೆ. ನಾಯಕ ಪತ್ತೇದಾರ ಹ್ಯಾಲನ್‌ಬೆಕ್‌ನನ್ನು ನಾವು ಮೊದಲು ನೋಡುವುದು ಕಾರಿನಲ್ಲಿ ಕುಡಿದು ಮಲಗಿರುವಾಗ. ಬೀದಿ ಹುಡುಗರು ಸತ್ತ ಅಳಿಲೊಂದನ್ನು ತಂದು ಅವನನ್ನು ಗೋಳುಹೊಯ್ದುಕೊಳ್ಳುತ್ತಿರುತ್ತಾರೆ. ಬ್ಲಾಕ್ ತನ್ನ ನಾಯಕರಿಗೆ ಮೊದಲು ಅವಮಾನ ಮಾಡುತ್ತಾನೆ, ಆಮೇಲೆ ಕೆಲಸ ಕೊಡುತ್ತಾನೆ. ಟೋನಿ ಸ್ಕಾಟ್ ನಿರ್ದೇಶನ, ಬ್ರೂಸ್ ವಿಲಿಸ್ ನಾಯಕ, ಸಿಲ್ವರ್ ನಿರ್ಮಾಪಕ. ಮೂವರ ಎಳೆದಾಟದಲ್ಲಿ ಬ್ಲಾಕ್ ತಿದ್ದಿ ತಿದ್ದಿ ಸಾಕಾಗಿ ಹೋದ. 1991ರ ಚಿತ್ರ ಕೆಟ್ಟದಲ್ಲ. ಚಿತ್ರಕಥೆ ಅದಕ್ಕಿಂತ ಒಳ್ಳೆಯದು.

ಇದಾದ ಮೇಲೆ ನಡೆದದ್ದನ್ನು ಯಾರಾದರೂ ಕಥೆಯಾಗಿ ಬರೆದರೆ ಅತಿಯಾಯಿತು ಎಂದು ನಾನೇ ಹೊಡೆದುಹಾಕುತ್ತಿದ್ದೆ. ಜ್ಯಾಕ್ ಪೆನ್ ಮತ್ತು ಆಡಮ್ ಲೆಫ್ ಎಂಬ ಇಬ್ಬರು ಹುಡುಗರು ಹಾಲಿವುಡ್ ಹೊಡೆದಾಟದ ಚಿತ್ರಗಳನ್ನು ಲೇವಡಿ ಮಾಡುವ ಒಂದು ಚಿತ್ರಕಥೆ ಬರೆದರು. ಲೇವಡಿಗೆ ಮುಖ್ಯ ಗುರಿ ಶೇನ್ ಬ್ಲಾಕ್ ಮಾದರಿಯ ಬರವಣಿಗೆ. ಸ್ಟುಡಿಯೋ ಅದನ್ನು ಕೊಂಡು, ತಿದ್ದಿಕೊಡಲು ಕರೆಸಿದ್ದು ಶೇನ್ ಬ್ಲಾಕ್‌ನನ್ನೇ! ತನ್ನ ಅಣಕವನ್ನು ತಾನೇ ತಿದ್ದಲು ಅವನು ಡೇವಿಡ್ ಆರ್ನಾಟ್ ಜೊತೆ ಕುಳಿತ. ಆಮೇಲೆ ಅದರ ಮೇಲೆ ಅವನ ಗುರುಸ್ಥಾನದ ಗೋಲ್ಡ್‌ಮನ್ ಕೂಡ ಕೈಯಾಡಿಸಿದ. ಹೀಗೆ ಹೊರಬಂದ ‘ಲಾಸ್ಟ್ ಆಕ್ಷನ್ ಹೀರೋ’ 1993ರ ಜೂನ್ 18ರಂದು ತೆರೆಗೆ ಬಂತು. ಸರಿಯಾಗಿ ಒಂದು ವಾರದ ಹಿಂದೆ ‘ಜುರಾಸಿಕ್ ಪಾರ್ಕ್’ ಬಿಡುಗಡೆಯಾಗಿತ್ತು. ಡೈನೊಸಾರ್‌ಗಳ ಕಾಲಡಿ ಸಿಕ್ಕಿದ್ದು ಉಳಿಯಲಿಲ್ಲ.

1996ರ ‘ಲಾಂಗ್ ಕಿಸ್ ಗುಡ್‌ನೈಟ್’ ಗೆಲ್ಲಬೇಕಿತ್ತು ಎಂದು ಈಗಲೂ ವಾದಿಸುತ್ತೇನೆ. ಪೆನ್ಸಿಲ್ವೇನಿಯಾದ ಸಣ್ಣ ಊರಿನ ಶಾಲಾ ಶಿಕ್ಷಕಿ, ಒಬ್ಬಳು ಮಗಳ ತಾಯಿ, ಎಂಟು ವರ್ಷದ ಹಿಂದಿನ ಬದುಕು ನೆನಪಿಲ್ಲ. ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿರುವಾಗ ಅವಳ ಕೈಗೆ ಚಾಕು ತಾನಾಗಿ ಒಲಿಯುತ್ತದೆ. ನಾನು ಬಹುಶಃ ಬಾಣಸಿಗಳಾಗಿದ್ದೆ ಎಂದು ಹಿಗ್ಗುತ್ತಾಳೆ. ಅವಳು ಸಿಐಎಯ ಕೊಲೆಗಾತಿಯಾಗಿದ್ದಳು. ಇಷ್ಟು ಸರಳವಾಗಿ, ಇಷ್ಟು ತಮಾಷೆಯಾಗಿ, ಒಂದು ಕ್ಯಾರೆಟ್ಟಿನ ಮೂಲಕ ಹಿಂದಿನ ಜನ್ಮವನ್ನು ತೆರೆದ ದೃಶ್ಯ ನನಗೆ ಇನ್ನೊಂದು ನೆನಪಾಗುವುದಿಲ್ಲ. ಜೀನಾ ಡೇವಿಸ್ ಆ ಪಾತ್ರವನ್ನು ಮನಸಾರೆ ಮಾಡಿದ್ದಾಳೆ. ಅವಳ ಜೊತೆಗಾರ ಪತ್ತೇದಾರನಾಗಿ ಸ್ಯಾಮ್ಯುಯೆಲ್ ಜಾಕ್ಸನ್. ಕೊನೆಯಲ್ಲಿ ಅವನು ಸಾಯುತ್ತಿದ್ದ. ಪರೀಕ್ಷಾ ಪ್ರದರ್ಶನದಲ್ಲಿ ಪ್ರೇಕ್ಷಕರು ಅವನ ಸಾವನ್ನು ಒಪ್ಪಲಿಲ್ಲವೆಂದು ಬದುಕಿಸಿದರು. ಮತ್ತದೇ! ಈ ಸಲ ನಾನು ಪ್ರೇಕ್ಷಕರ ಕಡೆ. ಜಾಕ್ಸನ್‌ನನ್ನು ಕೊಲ್ಲುವುದು ಯಾರಿಗೆ ತಾನೇ ಸಮ್ಮತ? ಆರೂವರೆ ಕೋಟಿ ಡಾಲರ್ ವೆಚ್ಚದ ಚಿತ್ರ ಅಮೆರಿಕದಲ್ಲಿ ಅದರ ಅರ್ಧದಷ್ಟು ಮಾತ್ರ ಗಳಿಸಿತು. ನಾಯಕಿ ಪ್ರಧಾನವಾದ ಹೊಡೆದಾಟದ ಚಿತ್ರ ಓಡುವುದಿಲ್ಲ ಎಂಬ ತೀರ್ಪು ಹೊರಬಿತ್ತು. ನಾಯಕನದು ಸೋತರೆ ಮಾತ್ರ ಆ ಚಿತ್ರವೊಂದೇ ಸೋತಂತೆ.

ಅಲ್ಲಿಂದ ಮುಂದೆ ಬ್ಲಾಕ್ ಸುಮಾರು ಒಂಬತ್ತು ವರ್ಷ ಕಾಣಿಸಲಿಲ್ಲ. ಪತ್ರಿಕೆಗಳು ಬರೆದದ್ದೆಲ್ಲ ದುಡ್ಡಿನ ಬಗ್ಗೆ. ಓದಿದವರೂ ಕೇಳಿದ್ದು ದುಡ್ಡಿನ ಬಗ್ಗೆ. ಬರವಣಿಗೆ ಚೆನ್ನಾಗಿದೆಯೇ ಎಂದು ಯಾರೂ ಕೇಳಲಿಲ್ಲ ಎಂಬುದು ಅವನ ಕೊರಗು. ಕೋಟ್ಯಧಿಪತಿಯ ಕೊರಗಿಗೆ ಕಣ್ಣೀರು ಹಾಕುವಷ್ಟು ಉದಾರಿ ನಾನಲ್ಲ. ಆದರೂ ನಲವತ್ತು ಲಕ್ಷಕ್ಕೆ ಮಾರಿದ ಮನುಷ್ಯ ಮುಂದಿನ ಕಾಗದವನ್ನು ಟೈಪ್‌ರೈಟರಿಗೆ ಹೇಗೆ ಸೇರಿಸಬೇಕು, ಮೊದಲ ಸಾಲು ಎಷ್ಟು ಬೆಲೆಬಾಳಬೇಕು ಎಂದು ಯೋಚಿಸಿದರೆ ಕೈ ನಿಲ್ಲುವುದು ಅರ್ಥವಾಗುತ್ತದೆ.

ಹಿಂತಿರುಗಿದ್ದು 2005ರಲ್ಲಿ, ಈ ಬಾರಿ ನಿರ್ದೇಶಕನಾಗಿ. ‘ಕಿಸ್ ಕಿಸ್ ಬ್ಯಾಂಗ್ ಬ್ಯಾಂಗ್’ ಸುಮಾರು ಒಂದೂವರೆ ಕೋಟಿ ಡಾಲರಿನ ಸಣ್ಣ ಚಿತ್ರ. ಭಾಗಶಃ ಬ್ರೆಟ್ ಹ್ಯಾಲಿಡೇಯ ಹಳೆಯ ಪತ್ತೇದಾರಿ ಕಾದಂಬರಿಯನ್ನು ಆಧರಿಸಿದ್ದು. ಕಥೆ ಹೇಳುವ ಕಳ್ಳನ ಪಾತ್ರದಲ್ಲಿ ರಾಬರ್ಟ್ ಡೌನಿ ಜೂನಿಯರ್, ಆಗ ಹಾಲಿವುಡ್ ನಂಬದಿದ್ದ ನಟ. ಈ ಚಿತ್ರದಲ್ಲಿ ಬ್ಲಾಕ್ ಮಾಡಿದ ಚಾಣಾಕ್ಷತನ ನೋಡಿ: ದೃಶ್ಯ ವಿವರಣೆಯಲ್ಲಿ ಓದುಗನಿಗೆ ಹೇಳುತ್ತಿದ್ದ ಆ ಎಲ್ಲ ಕೊಂಕು, ಹರಟೆ, ಕ್ಷಮೆ ಕೇಳುವಿಕೆಗಳನ್ನು ನಿರೂಪಕನ ಬಾಯಿಗೆ ಹಾಕಿದ. ನಿರೂಪಕ ಕಥೆಯನ್ನು ನಡುವೆ ನಿಲ್ಲಿಸುತ್ತಾನೆ, ಮರೆತದ್ದನ್ನು ಹಿಂದೆ ಹೋಗಿ ಹೇಳುತ್ತಾನೆ, ಪ್ರೇಕ್ಷಕರನ್ನು ಗದರುತ್ತಾನೆ. ಇಷ್ಟು ವರ್ಷ ಕಾಗದದಲ್ಲೇ ಉಳಿದ ದನಿ ಕೊನೆಗೂ ಚಿತ್ರಮಂದಿರದಲ್ಲಿ ಕೇಳಿಸಿತು. ಕೇಳಲು ಜನ ಮಾತ್ರ ಬರಲಿಲ್ಲ. ಕಾನ್ ಉತ್ಸವದಲ್ಲಿ ಮೆಚ್ಚಿಕೊಂಡರು, ಗಲ್ಲಾಪೆಟ್ಟಿಗೆ ಹೂಡಿದ್ದನ್ನು ಹಿಂದಿರುಗಿಸುವುದರಲ್ಲೇ ಏದುಸಿರು ಬಿಟ್ಟಿತು.

ಡೌನಿ ಮರೆಯಲಿಲ್ಲ. ಅವನು ಐರನ್ ಮ್ಯಾನ್ ಆಗಿ ಬೆಳೆದ ಮೇಲೆ ಮೂರನೆಯ ಭಾಗಕ್ಕೆ ಬ್ಲಾಕ್‌ನನ್ನು ತರಲು ಒತ್ತಾಯಿಸಿದ. 2013ರ ಆ ಚಿತ್ರ ನೂರಿಪ್ಪತ್ತು ಕೋಟಿ ಡಾಲರಿಗೂ ಹೆಚ್ಚು ಗಳಿಸಿತು. ಅಷ್ಟು ದೊಡ್ಡ ಯಂತ್ರದೊಳಗೂ ಬ್ಲಾಕ್ ತನ್ನ ಹಳೆಯ ಸಾಮಾನುಗಳನ್ನು ನುಸುಳಿಸಿದ್ದಾನೆ: ಕ್ರಿಸ್‌ಮಸ್, ಕವಚವಿಲ್ಲದೆ ಹಿಮದಲ್ಲಿ ನಡೆಯುವ ನಾಯಕ, ಅವನನ್ನು ಬಾಯಿಮಾತಲ್ಲೇ ಸೋಲಿಸುವ ಚಿಕ್ಕ ಹುಡುಗ. ಖಳನ ಪಾತ್ರ ಮೊದಲು ಹೆಂಗಸಿನದ್ದಾಗಿತ್ತು. ಹೆಣ್ಣು ಖಳಪಾತ್ರದ ಆಟಿಕೆ ಮಾರಾಟವಾಗದು ಎಂದು ಕಂಪನಿಯ ಮೇಲಿನವರು ಬದಲಿಸಿದರೆಂದು ಅವನೇ 2016ರಲ್ಲಿ ಹೇಳಿದ. ಮೊದಲು ಮೂರನೆಯ ಭಾಗಕ್ಕಾಗಿ ಕಥೆ ತಿರುಚಿದರು, ಆಮೇಲೆ ಪ್ಲಾಸ್ಟಿಕ್ ಗೊಂಬೆಗಾಗಿ. ಟಿಆರ್‌ಪಿ ನೋಡಿ ಸತ್ತ ಸೊಸೆಯನ್ನು ಎಬ್ಬಿಸಿ ಕೂರಿಸುವ ನಮ್ಮ ಗುರುವಾರದ ಸಭೆಗಳು ನನಗೆ ಅಷ್ಟೇನೂ ಹಳ್ಳಿಗಾಡಿನವೆಂದು ಈಗ ಅನ್ನಿಸುವುದಿಲ್ಲ.

2018ರ ‘ದಿ ಪ್ರಿಡೇಟರ್’ ಬಗ್ಗೆ ಹೆಚ್ಚು ಹೇಳುವುದಿಲ್ಲ. ಲೈಂಗಿಕ ಅಪರಾಧಿಯೆಂದು ನೋಂದಾಯಿತನಾಗಿದ್ದ ಗೆಳೆಯನಿಗೆ ಅದರಲ್ಲಿ ಸಣ್ಣ ಪಾತ್ರ ಕೊಟ್ಟಿದ್ದ. ನಟಿ ಒಲಿವಿಯಾ ಮನ್ ಸ್ಟುಡಿಯೋಗೆ ತಿಳಿಸಿದ ಮೇಲೆ ದೃಶ್ಯ ತೆಗೆದುಹಾಕಿದರು, ಬ್ಲಾಕ್ ಕ್ಷಮೆ ಕೇಳಿದ. ಗೆಳೆತನಕ್ಕೆ ಇಲ್ಲಿ ರಿಯಾಯಿತಿ ಇಲ್ಲ. ಚಿತ್ರವೂ ಚೆನ್ನಾಗಿರಲಿಲ್ಲ.

ಅವನದ್ದರಲ್ಲಿ ಒಂದನ್ನೇ ನೋಡಬೇಕೆಂದು ಯಾರಾದರೂ ಕೇಳಿದರೆ ನಾನು ಹೇಳುವುದು 2016ರ ‘ದಿ ನೈಸ್ ಗೈಸ್’. ಆಂಥನಿ ಬಗರೋಜಿ ಜೊತೆ 2001ರ ಸುಮಾರಿಗೆ ಶುರು ಮಾಡಿದ್ದು. ಯಾರೂ ಕೊಳ್ಳಲಿಲ್ಲ, ನಡುವೆ ಟಿವಿ ಸರಣಿಯಾಗಿಸಲು ಹೊರಟು ಅದೂ ಆಗಲಿಲ್ಲ. ಕಾಲವನ್ನು 1977ಕ್ಕೆ ಒಯ್ದ ಮೇಲೆ ಕಥೆಗೆ ಉಸಿರು ಬಂತು: ಹೊಗೆ ಕವಿದ ಲಾಸ್ ಏಂಜಲಿಸ್, ಕಾರು ಕಂಪನಿಗಳ ಪಿತೂರಿ, ಕೈಮುರಿಯುವುದೇ ಕಸುಬಾದ ರಸೆಲ್ ಕ್ರೋ, ಗಾಜಿನ ಬಾಗಿಲು ಒಡೆಯಲು ಹೋಗಿ ಮಣಿಕಟ್ಟು ಕೊಯ್ದುಕೊಳ್ಳುವ ರಯಾನ್ ಗಾಸ್ಲಿಂಗ್. ಬೇರೆ ಸಿನಿಮಾಗಳಲ್ಲಿ ನಾಯಕರು ಗಾಜು ಒಡೆದು ಬಾಗಿಲು ತೆರೆದು ಹೋಗುತ್ತಾರೆ. ಇಲ್ಲಿ ಆಂಬುಲೆನ್ಸ್ ಬರುತ್ತದೆ. ಬುದ್ಧಿವಂತಳೆಂದರೆ ಗಾಸ್ಲಿಂಗ್‌ನ ಮಗಳು, ಹದಿಮೂರರ ಹೋಲಿ. ಅವಳು ತಡೆದಳೆಂಬ ಕಾರಣಕ್ಕೆ ಕ್ರೋ ಒಂದು ಕೊಲೆಯನ್ನು ಕೈಬಿಡುತ್ತಾನೆ. ಹೊಡೆಯದೇ ಇರುವುದನ್ನೂ ಸಾಹಸ ದೃಶ್ಯವಾಗಿ ಬರೆದಿದ್ದಾನೆ. ಐದು ಕೋಟಿ ಡಾಲರ್ ಖರ್ಚು ಮಾಡಿ ಆರು ಕೋಟಿ ಚಿಲ್ಲರೆ ಗಳಿಸಿದ್ದರಿಂದ ಎರಡನೆಯ ಭಾಗ ಬರಲಿಲ್ಲ.

ಕಳೆದ ತಿಂಗಳು ಒಬ್ಬ ಯುವಕ ತನ್ನ ಮೊದಲ ಚಿತ್ರಕಥೆ ಓದಲು ಕೊಟ್ಟ. ನಲವತ್ತನೆಯ ಪುಟದಲ್ಲಿ ‘ಇಲ್ಲಿ ಫೈಟ್’ ಇತ್ತು. ಅವನಿಗೆ ‘ಲಾಸ್ಟ್ ಬಾಯ್ ಸ್ಕೌಟ್’ ಚಿತ್ರಕಥೆ ಕಳಿಸಿದ್ದೇನೆ, ಸಿನಿಮಾ ಆಮೇಲೆ ನೋಡು ಎಂದಿದ್ದೇನೆ. ಹೊಸ ಕರಡು ಇನ್ನೂ ಬಂದಿಲ್ಲ.